ಮೇಕನ್ ನಗರ ಪಡೆದು ಕಳೆದುಕೊಂಡ ಉದ್ಯಾನ

ಅಮೆರಿಕದ ಜಾರ್ಜಿಯಾ ರಾಜ್ಯದ ಮೇಕನ್ ನಗರದಲ್ಲಿ ಸುಮಾರು ಅರ್ಧ ಶತಮಾನ ಕಾಲ ಬೇಕನ್ಸ್‌ಫೀಲ್ಡ್ ಎಂಬ ಸಾರ್ವಜನಿಕ ಉದ್ಯಾನವಿತ್ತು. ದಾನವಾಗಿ ಬಂದ ಆ ನೆಲ 1970ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನೊಂದಿಗೆ ಊರಿನ ಕೈತಪ್ಪಿತು. ಅದಕ್ಕೆ ಕಾರಣವಾದ ಷರತ್ತು ದಾನಪತ್ರದಲ್ಲಿ ಮೊದಲ ದಿನದಿಂದಲೂ ಇತ್ತು.

ದಾನಿ ಅಗಸ್ಟಸ್ ಬೇಕನ್ ಜಾರ್ಜಿಯಾವನ್ನು ಪ್ರತಿನಿಧಿಸುತ್ತಿದ್ದ ಸೆನೆಟರ್. 1911ರಲ್ಲಿ ಬರೆದ ಉಯಿಲಿನಲ್ಲಿ ಆತ, ತೀರಿಕೊಂಡಿದ್ದ ತನ್ನ ಇಬ್ಬರು ಗಂಡುಮಕ್ಕಳ ನೆನಪಿಗೆಂದು, ಹೆಂಡತಿ ಮತ್ತು ಹೆಣ್ಣುಮಕ್ಕಳ ಜೀವಿತಾವಧಿಯ ಹಕ್ಕು ಮುಗಿದ ಮೇಲೆ ಈ ಜಮೀನು ನಗರಕ್ಕೆ ಸೇರಬೇಕೆಂದೂ ಶಾಶ್ವತವಾಗಿ ಉದ್ಯಾನವಾಗಿಯೇ ಉಳಿಯಬೇಕೆಂದೂ ವಿಧಿಸಿದ. ಆದರೆ ಅದು ಮೇಕನ್‌ನ ಬಿಳಿಯ ಹೆಂಗಸರು ಮತ್ತು ಮಕ್ಕಳಿಗೆ ಮೀಸಲು. ನೋಡಿಕೊಳ್ಳುವ ಏಳು ಜನರ ಮಂಡಳಿಯ ಸದಸ್ಯರೆಲ್ಲರೂ ಬಿಳಿಯರೇ ಆಗಿರಬೇಕು. ಎರಡು ಜನಾಂಗಗಳು ವಿಹಾರದ ಜಾಗಗಳಲ್ಲಿ ಎಂದೆಂದಿಗೂ ಬೇರೆಯಾಗಿಯೇ ಇರಬೇಕೆಂಬ ತನ್ನ ಅಭಿಪ್ರಾಯವನ್ನೂ ಆತ ಅಲ್ಲಿಯೇ ಬರೆದಿಟ್ಟಿದ್ದ. ಮಕ್ಕಳನ್ನು ಕಳೆದುಕೊಂಡ ತಂದೆಯ ದುಃಖವೂ ಈ ಕ್ರೌರ್ಯವೂ ಒಂದೇ ಕಾಗದದಲ್ಲಿವೆ ಎಂಬುದನ್ನು ಓದುವಾಗ ಮನಸ್ಸು ಭಾರವಾಗುತ್ತದೆ.

ಇಂಥ ಷರತ್ತಿಗೆ ಆಗ ಕಾನೂನಿನ ಬೆಂಬಲವಿತ್ತು. ಉದ್ಯಾನಕ್ಕೆಂದು ಜಮೀನು ಕೊಡುವವರು ಅದನ್ನು ಒಂದು ಜನಾಂಗಕ್ಕೆ ಮೀಸಲಿಡಬಹುದೆಂದು ಜಾರ್ಜಿಯಾ ಶಾಸನಸಭೆ 1905ರಲ್ಲಿಯೇ ಕಾಯಿದೆ ಮಾಡಿತ್ತು. ಬೇಕನ್ 1914ರಲ್ಲಿ ತೀರಿಕೊಂಡ. 1920ರಲ್ಲಿ ನಗರವು ವಾರಸುದಾರರಿಗೆ ವರ್ಷಾಶನ ಕೊಡಲು ಒಪ್ಪಿ ಜಮೀನನ್ನು ವಶಕ್ಕೆ ಪಡೆಯಿತು. ಮುಂದೆ ಅಲ್ಲಿ ಈಜುಕೊಳ, ಟೆನಿಸ್ ಅಂಗಣಗಳು ಬಂದವು. ನಗರದ ಹಣದ ಜೊತೆಗೆ 1930ರ ದಶಕದ ಕೇಂದ್ರ ಸರ್ಕಾರದ ಉದ್ಯೋಗ ಯೋಜನೆಯ ದುಡಿಮೆಯೂ ಆ ನೆಲದ ಮೇಲೆ ಬಿತ್ತು. ಸರ್ಕಾರದ ಹಣ ಎಂದರೆ ಒಳಗೆ ಕಾಲಿಡಲಾಗದ ಕಪ್ಪುವರ್ಣೀಯರ ತೆರಿಗೆಯೂ ಸೇರಿದ ಹಣ.

1954ರ ನಂತರ ಕೋರ್ಟುಗಳು ವರ್ಣಭೇದದ ವ್ಯವಸ್ಥೆಯನ್ನು ಒಂದೊಂದಾಗಿ ಅಸಿಂಧುಗೊಳಿಸತೊಡಗಿದಾಗ, ಈ ಷರತ್ತನ್ನು ಜಾರಿಗೊಳಿಸುವುದು ತನಗೆ ಸಾಧ್ಯವಿಲ್ಲವೆಂದು ಕಂಡುಕೊಂಡ ನಗರವು ಕಪ್ಪುವರ್ಣೀಯರನ್ನೂ ಒಳಗೆ ಬಿಡತೊಡಗಿತು. ಆಗ ಮಂಡಳಿಯ ಸದಸ್ಯರು 1963ರಲ್ಲಿ, ನಗರವನ್ನು ಟ್ರಸ್ಟಿ ಸ್ಥಾನದಿಂದ ತೆಗೆಯಬೇಕೆಂದು ಕೋರ್ಟಿಗೆ ಹೋದರು. ಊರಿನ ಕಪ್ಪುವರ್ಣೀಯ ನಾಗರಿಕರು ಮೊಕದ್ದಮೆಯಲ್ಲಿ ತಾವೂ ಕಕ್ಷಿದಾರರಾಗಿ ಸೇರಿ ಷರತ್ತನ್ನೇ ಪ್ರಶ್ನಿಸಿದರು. ಮರುವರ್ಷ ನಗರ ತಾನಾಗಿಯೇ ಹಿಂದೆ ಸರಿಯಿತು, ಖಾಸಗಿ ಟ್ರಸ್ಟಿಗಳು ಬಂದರು. ಟ್ರಸ್ಟಿಗಳು ಬದಲಾದರೂ ಉದ್ಯಾನದ ಸ್ವರೂಪ ಸಾರ್ವಜನಿಕವೇ, ಆದ್ದರಿಂದ ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಕೊಡುವ, ಅಮೆರಿಕದ ಸಂವಿಧಾನದ 14ನೆಯ ತಿದ್ದುಪಡಿಯ ಪ್ರಕಾರ ಅಲ್ಲಿ ವರ್ಣಭೇದ ಸಲ್ಲದು ಎಂದು 1966ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು.

ಗೆದ್ದವರಿಗೆ ಉದ್ಯಾನ ದಕ್ಕಲಿಲ್ಲ. ಧರ್ಮಾರ್ಥ ದಾನವೊಂದರ ಉದ್ದೇಶವನ್ನು ಹೇಳಿದಂತೆಯೇ ನಡೆಸಲಾಗದಿದ್ದರೆ ಅದಕ್ಕೆ ಅತಿ ಹತ್ತಿರವಾದ ಬೇರೊಂದು ಉದ್ದೇಶಕ್ಕೆ ಕೋರ್ಟು ಅದನ್ನು ತಿರುಗಿಸಬಹುದೆಂಬ ಹಳೆಯ ನ್ಯಾಯತತ್ತ್ವವೊಂದಿದೆ. ಅದನ್ನು ಬಳಸಿ ‘ಬಿಳಿಯ’ ಎಂಬ ಪದವನ್ನಷ್ಟೇ ಕೈಬಿಟ್ಟಿದ್ದರೆ ಉದ್ಯಾನ ಎಲ್ಲರಿಗೂ ಉಳಿಯುತ್ತಿತ್ತು. ಆದರೆ ದಾನಿಗೆ ಉದ್ಯಾನಕ್ಕಿಂತ ಪ್ರತ್ಯೇಕತೆಯೇ ಮುಖ್ಯವಾಗಿತ್ತೆಂದು ಅವನ ಬರಹವನ್ನೇ ಆಧಾರವಾಗಿಟ್ಟುಕೊಂಡ ಜಾರ್ಜಿಯಾದ ಕೋರ್ಟುಗಳು, ಟ್ರಸ್ಟ್ ವಿಫಲವಾಗಿದೆ, ಜಮೀನು ವಾರಸುದಾರರಿಗೆ ಮರಳಬೇಕು ಎಂದವು. 1970ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಬ್ಲ್ಯಾಕ್ ಅವರ ದೃಷ್ಟಿಯಲ್ಲಿ ನಷ್ಟವು ಬಿಳಿಯರಿಗೂ ಕಪ್ಪುವರ್ಣೀಯರಿಗೂ ಸಮನಾಗಿಯೇ ಆಗಿತ್ತು. ಡಗ್ಲಸ್ ಮತ್ತು ಬ್ರೆನ್ನನ್ ಒಪ್ಪಲಿಲ್ಲ. ಪ್ರತ್ಯೇಕತೆಯನ್ನು ಉಳಿಸಿಕೊಳ್ಳಲಾಗದ ಕಾರಣಕ್ಕೇ ಸಾರ್ವಜನಿಕ ಸೌಕರ್ಯವೊಂದನ್ನು ಮುಚ್ಚಲಾಗುತ್ತಿದೆ ಎಂಬುದು ಬ್ರೆನ್ನನ್ ಅವರ ಭಿನ್ನಮತದ ತಿರುಳು. ನನಗೆ ಬ್ರೆನ್ನನ್ ಅವರ ಮಾತೇ ಸರಿಯೆನಿಸುತ್ತದೆ: ಐವತ್ತು ವರ್ಷ ಊರಿನ ಹಣದಲ್ಲಿ ಬೆಳೆದ ಉದ್ಯಾನವನ್ನು ದಾನಿಯೊಬ್ಬನ ಇಚ್ಛೆಯಿಂದಷ್ಟೇ ಅಳೆಯುವುದು ನ್ಯಾಯವಲ್ಲ. ಆದರೂ ಮೊದಲ ತಪ್ಪು 1920ರದು, ಷರತ್ತನ್ನು ತಕರಾರಿಲ್ಲದೆ ಒಪ್ಪಿಕೊಂಡು ನೆಲ ಪಡೆದ ನಗರದ್ದು.

ವಾರಸುದಾರರ ಪಾಲಾದ ಜಾಗದಲ್ಲಿ ಮುಂದೆ ವಾಣಿಜ್ಯ ಕಟ್ಟಡಗಳು ಎದ್ದವು.