ಅವಧಿ ಮುಗಿದ ಬ್ಯಾಕಪ್ ತಾನಾಗಿ ಅಳಿಯುವುದಿಲ್ಲ

ಕುಶಾಲನಗರದ ಕಾಫಿ ಕ್ಯೂರಿಂಗ್ ವರ್ಕ್ಸ್ (ಕಾಫಿಯ ಸಿಪ್ಪೆ ತೆಗೆದು ಬೀಜ ಹದಮಾಡುವ ಕಾರ್ಖಾನೆ) ಒಂದನ್ನು ನೆನೆಸಿಕೊಳ್ಳಿ. ಯಾವ ಬೆಳೆಗಾರರಿಂದ ಎಷ್ಟು ಮೂಟೆ ಬಂತು, ಔಟ್‌ಟರ್ನ್ (ಮೂಟೆಯಿಂದ ಸಿಕ್ಕ ಶುದ್ಧ ಬೀಜದ ಪ್ರಮಾಣ) ಎಷ್ಟು, ಯಾರಿಗೆ ಎಷ್ಟು ಬಾಕಿ, ಎಲ್ಲವೂ ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸಿನಲ್ಲಿದೆ. ರಾತ್ರಿ ಬ್ಯಾಕಪ್ ತೆಗೆಯುವ ಕೋಡಿನಲ್ಲಿ ‘ರಿಟೇನ್‌ಡೇಸ್ = 14’ ಎಂದು ಬರೆದಿದ್ದಾರೆ. ಹದಿನಾಲ್ಕು ದಿನ ಕಳೆದರೆ ಫೈಲ್ ಹೋಗುತ್ತದೆ ಎಂದು ಬಹಳ ಮಂದಿ ನಂಬುತ್ತಾರೆ. ಫೈಲ್ ಹಾಗೇ ಇರುತ್ತದೆ. ದಿನಕ್ಕೊಂದು ಹೊಸ ಫೈಲಾದರೆ ಡಿಸ್ಕ್ ತುಂಬಿ ಬ್ಯಾಕಪ್ಪೇ ನಿಲ್ಲುತ್ತದೆ.

ಆ ಸಾಲು ಮಾಡುವುದು ಕಾವಲು ಮಾತ್ರ. ಅವಧಿಯೊಳಗೆ ಅದೇ ಫೈಲಿನ ಮೇಲೆ ‘ಇನಿಟ್’ (ಹಳೆಯದರ ಮೇಲೆ ಬರೆ ಎಂಬ ಆಯ್ಕೆ) ಕೊಟ್ಟು ಬರೆಯಹೋದರೆ 4030ನೇ ದೋಷ ಬಂದು ತಡೆಯುತ್ತದೆ. ‘ಸ್ಕಿಪ್’ ಅಥವಾ ‘ಫಾರ್ಮ್ಯಾಟ್’ ಸೇರಿಸಿದರೆ ಆ ತಡೆಯೂ ಇಲ್ಲ. ವಿಂಡೋಸ್‌ನಿಂದ ಡಿಲೀಟ್ ಮಾಡುವವರನ್ನಂತೂ ಅದು ಕೇಳುವುದೇ ಇಲ್ಲ. ದಿನಗಳ ಬದಲು ‘ಎಕ್ಸ್‌ಪೈರ್‌ಡೇಟ್’ (ಅವಧಿ ಮುಗಿಯುವ ದಿನಾಂಕ) ಕೊಡುವುದಾದರೆ ‘20260706’ ಎಂದೇ ಬರೆಯಿರಿ. ‘06/07/2026’ ಎಂದರೆ ನಮಗೆ ಜುಲೈ 6, ಅಮೆರಿಕದ ಇಂಗ್ಲಿಷ್ ಸೆಟ್ಟಿಂಗ್ ಇರುವ ಸರ್ವರಿಗೆ ಜೂನ್ 7.

ಹಾಗಾಗಿ ಹಳೆಯ ಫೈಲ್ ಅಳಿಸಲು ಬೇರೆ ಸ್ಕ್ರಿಪ್ಟ್ ಬೇಕು. ಕೊಡಗಿನಲ್ಲಿ ನಿಜವಾದ ಅಪಾಯ ಇರುವುದು ಇಲ್ಲೇ. ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ಮಾಸ) ಮಳೆಗೆ ಮರ ಬಿದ್ದು ಕರೆಂಟ್ ಹೋಗಿ, ಬಂದಾಗ ಸರ್ವರ್ ಮತ್ತೆ ಏಳುತ್ತದೆ. ಡೇಟಾಬೇಸ್ ಓಡುತ್ತದೆ, ಬಿಲ್ಲಿಂಗ್ ನಡೆಯುತ್ತದೆ. ಆದರೆ ಬ್ಯಾಕಪ್ ಓಡಿಸುವ ಎಸ್‌ಕ್ಯೂಎಲ್ ಸರ್ವರ್ ಏಜೆಂಟ್ ಸರ್ವೀಸನ್ನು ಇನ್‌ಸ್ಟಾಲ್ ಮಾಡುವಾಗ ‘ಮ್ಯಾನುಯಲ್’ ಎಂದೇ ಬಿಟ್ಟಿದ್ದರೆ ಅದು ತಾನಾಗಿ ಏಳುವುದಿಲ್ಲ. ಅಳಿಸುವ ಸ್ಕ್ರಿಪ್ಟ್ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿದ್ದರೆ ತಪ್ಪದೆ ಓಡುತ್ತದೆ. ಎರಡು ವಾರ ದಾಟುವಷ್ಟರಲ್ಲಿ ಫೋಲ್ಡರ್ ಖಾಲಿ, ಯಾರಿಗೂ ಗೊತ್ತಾಗಿರುವುದಿಲ್ಲ.

ಏಜೆಂಟನ್ನು ‘ಆಟೋಮ್ಯಾಟಿಕ್’ ಮಾಡಿ. ಸ್ಕ್ರಿಪ್ಟಿನಲ್ಲಿ ವಯಸ್ಸಿನ ಜೊತೆಗೆ ಎಣಿಕೆಯನ್ನೂ ಸೇರಿಸಿ: ಎಷ್ಟೇ ಹಳತಾದರೂ ಕೊನೆಯ ಏಳು ಫೈಲುಗಳನ್ನು ಮುಟ್ಟಬಾರದು, ಕಳೆದ 24 ಗಂಟೆಯ ಬ್ಯಾಕಪ್ ಇಲ್ಲದಿದ್ದರೆ ಒಂದನ್ನೂ ಅಳಿಸದೆ ಎಚ್ಚರಿಕೆ ಕಳುಹಿಸಬೇಕು.

ಭಾನುವಾರ ಪೂರ್ತಿ ಬ್ಯಾಕಪ್, ಉಳಿದ ದಿನ ಡಿಫರೆನ್ಷಿಯಲ್ (ಭಾನುವಾರದ ನಂತರ ಬದಲಾದದ್ದನ್ನಷ್ಟೇ ಉಳಿಸುವ ಬ್ಯಾಕಪ್) ತೆಗೆಯುವವರಿಗೆ ಇನ್ನೊಂದು ಲೆಕ್ಕವಿದೆ. ಶನಿವಾರದ ಡಿಫರೆನ್ಷಿಯಲ್ ಆ ಭಾನುವಾರದ ಫೈಲಿಲ್ಲದೆ ರಿಸ್ಟೋರ್ ಆಗದು. ಡಿಫರೆನ್ಷಿಯಲ್‌ಗೆ 14 ದಿನ ಕೊಟ್ಟರೆ ಪೂರ್ತಿ ಬ್ಯಾಕಪ್ ಕನಿಷ್ಠ 20 ದಿನ (ಭಾನುವಾರದಿಂದ ಶನಿವಾರಕ್ಕೆ 6, ಮತ್ತೆ 14) ಇರಬೇಕು. ಅದಕ್ಕೂ ಕಡಿಮೆ ಇಟ್ಟರೆ ಫೈಲ್ ಇದ್ದರೂ ಡೇಟಾ ಸಿಗುವುದಿಲ್ಲ.

2018ರ ಆಗಸ್ಟ್‌ನ ಭೂಕುಸಿತ ಕಂಡ ಜಿಲ್ಲೆಯಲ್ಲಿ ಒಂದು ಪ್ರತಿ ಜಿಲ್ಲೆಯ ಹೊರಗಿರಲೇಬೇಕು. ಅದನ್ನು ಅಮೆಜಾನ್ ಎಸ್3 ಎಂಬ ಆನ್‌ಲೈನ್ ಸಂಗ್ರಹದಲ್ಲಿಟ್ಟರೆ ಎಚ್ಚರ: ಅಲ್ಲಿನ ಲೈಫ್‌ಸೈಕಲ್ ನಿಯಮದಲ್ಲಿ (ಫೈಲ್ ಎಷ್ಟು ದಿನ ಇರಬೇಕೆಂಬ ನಿಯಮ) ಅವಧಿ ಮುಗಿಯುವುದೆಂದರೆ ಅಳಿಸುವುದೇ. ಪೂರ್ತಿ ಬ್ಯಾಕಪ್ಪಿನ 20 ದಿನದ ಲೆಕ್ಕವನ್ನು ಅಲ್ಲೂ ಹಾಕಿ.