ಡಾಲರಿನ ನಾಳೆಯ ದರ, ಗೋದಾಮಿನ ಕಾಫಿ

ಕಣದಲ್ಲಿ ಒಣಗಿದ ಕಾಫಿ ಹಣ್ಣು (ಚೆರಿ) ಮೂಟೆಯಾಗಿ ಗೋದಾಮು ಸೇರುವ ಹೊತ್ತಿಗೆ ಮೂಡಿಗೆರೆ, ಸಕಲೇಶಪುರದ ಬೆಳೆಗಾರರ ಮಾತು ಡಾಲರಿನತ್ತ ಹೊರಳುತ್ತದೆ. ರೊಬಸ್ಟಾ ಕಾಫಿಗೆ ಲಂಡನ್ನಿನಲ್ಲಿ, ಅರೇಬಿಕಾಕ್ಕೆ ನ್ಯೂಯಾರ್ಕಿನಲ್ಲಿ ಡಾಲರ್ ಲೆಕ್ಕದಲ್ಲಿ ಧಾರಣೆ ಕುದುರುವುದರಿಂದ, 50 ಕಿಲೋ ಮೂಟೆಗೆ ಸಿಗುವ ಹಣ ರೂಪಾಯಿಯ ವಿನಿಮಯ ದರದೊಂದಿಗೆ ಏರಿಳಿಯುತ್ತದೆ. ಈಗಲೇ ಮಾರುವುದೋ, ಡಾಲರ್ ಏರಲೆಂದು ಕಾಯುವುದೋ ಎಂಬುದಕ್ಕೆ ಅರ್ಥಶಾಸ್ತ್ರದ ಮಾದರಿಗಳಲ್ಲಿ ಉತ್ತರವಿದೆಯೆ?

ಮಲೆನಾಡಿಗೆ ಇದು ತೀರ ಹಳೆಯ ಪ್ರಶ್ನೆಯಲ್ಲ. 1966ರ ಜೂನ್‌ನಲ್ಲಿ ರೂಪಾಯಿಯ ಬೆಲೆ ಇಳಿಸಿ, ಡಾಲರಿಗೆ 4.76 ರೂಪಾಯಿಯಿದ್ದ ದರವನ್ನು 7.50 ಮಾಡಿದ್ದು ಸರ್ಕಾರ. ಎಲ್ಲರ ಬೆಳೆಯನ್ನು ಒಟ್ಟುಗೂಡಿಸುವ 'ಪೂಲ್‌'ಗೆ ಪಡೆದು ಕಂತುಗಳಲ್ಲಿ ಹಣ ಕೊಡುತ್ತಿದ್ದುದು ಕಾಫಿ ಮಂಡಳಿ. 1993ರ ಮಾರ್ಚ್‌ನಲ್ಲಿ ರೂಪಾಯಿಯ ದರವನ್ನು ಮಾರುಕಟ್ಟೆಗೆ ಬಿಡಲಾಯಿತು. ಅದೇ ದಶಕದಲ್ಲಿ ಪೂಲ್ ವ್ಯವಸ್ಥೆಯೂ ಹಂತಹಂತವಾಗಿ ಕೊನೆಗೊಂಡು, ಡಾಲರ್ ದರ, ಕಾಫಿ ಧಾರಣೆ ಎರಡರ ಅನಿಶ್ಚಿತತೆಯೂ ಬೆಳೆಗಾರನ ಹೆಗಲೇರಿತು.

ಹೊರಜಗತ್ತಿನಲ್ಲಿ ಪ್ರಮುಖ ಕರೆನ್ಸಿಗಳು 1973ರಲ್ಲಿಯೇ ನಿಗದಿತ ದರ ಬಿಟ್ಟು ಮಾರುಕಟ್ಟೆಯಲ್ಲಿ ತೇಲತೊಡಗಿದ್ದವು. ಬೆಲೆಮಟ್ಟ, ಬಡ್ಡಿದರ, ಹಣದ ಪೂರೈಕೆ, ವ್ಯಾಪಾರದ ಕೊರತೆ ಇವುಗಳಿಂದ ದರವನ್ನು ಲೆಕ್ಕಹಾಕುವ ಸೊಗಸಾದ ಮಾದರಿಗಳು ಆ ದಶಕದಲ್ಲಿ ಹುಟ್ಟಿದವು. 1983ರಲ್ಲಿ ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಮೀಸ್ ಮತ್ತು ಕೆನೆತ್ ರೊಗಾಫ್ ಅವುಗಳನ್ನು ಪರೀಕ್ಷೆಗೊಡ್ಡಿದರು. ಡಾಲರಿನ ಎದುರು ಪೌಂಡ್, ಜರ್ಮನಿಯ ಮಾರ್ಕ್, ಯೆನ್‌ಗಳ ಒಂದು ತಿಂಗಳಿಂದ ಒಂದು ವರ್ಷದವರೆಗಿನ ದರವನ್ನು ಊಹಿಸುವಲ್ಲಿ, 'ನಾಳೆಯ ದರವೂ ಇಂದಿನದೇ' ಎಂಬ ಸರಳ ಊಹೆಯನ್ನು ಆ ಮಾದರಿಗಳು ಮೀರಿಸಲಿಲ್ಲ. ಮುಂದಿನ ಬಡ್ಡಿದರ, ಹಣದ ಪೂರೈಕೆಗಳ ನಿಜವಾದ ಅಂಕಿಗಳನ್ನೇ ಮುಂಚಿತವಾಗಿ ಕೈಗಿತ್ತರೂ ಅವು ಸೋತವು. ಪ್ರಶ್ನೆಪತ್ರಿಕೆಯ ಜೊತೆಗೆ ಅರ್ಧ ಉತ್ತರವನ್ನೂ ಪಡೆದು ಅನುತ್ತೀರ್ಣರಾದಂತೆ ಇದು.

ಹಾಗೆಂದು ಮಾದರಿಗಳೆಲ್ಲ ಸುಳ್ಳೆಂದು ತೀರ್ಮಾನಿಸುವುದು ಅವಸರವಾದೀತು. ಚಾರ್ಲ್ಸ್ ಎಂಗೆಲ್ ಮತ್ತು ಕೆನೆತ್ ವೆಸ್ಟ್ 2005ರಲ್ಲಿ ತೋರಿಸಿದಂತೆ, ಇಂದಿನ ದರವು ದೂರದ ಭವಿಷ್ಯದ ನಿರೀಕ್ಷೆಗಳನ್ನೆಲ್ಲ ಆಗಲೇ ಒಳಗೊಂಡಿದ್ದರೆ, ಮಾದರಿ ಸರಿಯಿದ್ದೂ ದರದ ಮುಂದಿನ ಚಲನೆ ಊಹೆಗೆ ಸಿಗದು. ಅದನ್ನು ಕದಲಿಸುವುದು ಹೊಸ ಸುದ್ದಿ ಮಾತ್ರ. 2013ರ ಮೇ ತಿಂಗಳಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ತನ್ನ ಬಾಂಡ್ ಖರೀದಿಯನ್ನು ತಗ್ಗಿಸುವ ಸುಳಿವು ಕೊಟ್ಟ ಬಳಿಕ, ಸುಮಾರು 55ರಲ್ಲಿದ್ದ ಡಾಲರ್ ಆಗಸ್ಟ್ ಕೊನೆಗೆ 68 ರೂಪಾಯಿ ದಾಟಿತು. ಅಷ್ಟು ಕಡಿಮೆ ಅವಧಿಯಲ್ಲಿ ನಮ್ಮ ಬೆಲೆಮಟ್ಟ ಅಷ್ಟರಮಟ್ಟಿಗೆ ಬದಲಾಗಿರಲಿಲ್ಲ.

ಊಹೆ ಫಲಿಸಿದರೂ ಲಾಭ ಖಚಿತವಲ್ಲವೆಂಬುದನ್ನು ಕಾಯುವವರು ಮರೆಯುತ್ತಾರೆ. ಡಾಲರ್ ಬಲಿತಾಗ ಬ್ರೆಜಿಲ್‌ನ ರಿಯಾಲ್ ಕೂಡ ಕುಸಿದರೆ, ಅಲ್ಲಿಯ ಬೆಳೆಗಾರರು ಹೆಚ್ಚು ಕಾಫಿಯನ್ನು ಮಾರಲು ಮುಂದಾಗಿ ಡಾಲರ್ ಲೆಕ್ಕದ ಧಾರಣೆಯೇ ಇಳಿಯಬಹುದು. ರಫ್ತುದಾರರು ಊಹಿಸುವ ಗೋಜಿಗೆ ಹೋಗದೆ, ಬ್ಯಾಂಕಿನೊಡನೆ ಮುಂಗಡ ಒಪ್ಪಂದ ಮಾಡಿಕೊಂಡು ಮುಂದಿನ ದಿನದ ದರವನ್ನು ಇಂದೇ ಕಟ್ಟಿಹಾಕುತ್ತಾರೆ. ಆ ಮುಂಗಡ ದರವೂ ಭವಿಷ್ಯವಾಣಿಯಲ್ಲ, ಮುಖ್ಯವಾಗಿ ಎರಡು ದೇಶಗಳ ಬಡ್ಡಿದರಗಳ ಅಂತರದ ಲೆಕ್ಕ. ಹತ್ತಿಪ್ಪತ್ತು ಮೂಟೆಯ ಬೆಳೆಗಾರ ಬ್ಯಾಂಕಿನವರೆಗೆ ಹೋಗುವುದು ಅಪರೂಪ. ಪೇಟೆಯ ವ್ಯಾಪಾರಿ ಹೇಳುವ ರೂಪಾಯಿ ಧಾರಣೆಯೊಳಗೇ ಆ ಲೆಕ್ಕವೂ ಸೇರಿಕೊಂಡು ಅವನನ್ನು ತಲುಪುತ್ತದೆ.