ಬ್ಯಾಡ್ಜ್ ಬಿಡಿ, ಸ್ಟ್ಯಾಂಪ್ ನೋಡಿ: 1969ರ ಕ್ಯಾಮರೊ ಝಡ್/28 ಅಸಲಿಯಾ?

ಹಳೇ ಅಮೆರಿಕನ್ ಕಾರುಗಳನ್ನೆಲ್ಲ ಒಟ್ಟಿಗೆ ಕಲಿಯಲು ಹೋದರೆ ತಲೆ ಕೆಡುತ್ತದೆ. ಅದಕ್ಕೇ ಇಲ್ಲಿ ಒಂದೇ ಕಾರು ಹಿಡಿದಿದ್ದೇನೆ, 1969ರ ಷೆವ್ರೊಲೆ ಕ್ಯಾಮರೊ ಝಡ್/28, ಅಂದರೆ ಕ್ಯಾಮರೊದ ವಿಶೇಷ ಆವೃತ್ತಿ. ಇದರ ನಕಲು ತುಂಬಾ ಜಾಸ್ತಿ. ಸಾಮಾನ್ಯ ವಿ8 (ಎಂಟು ಸಿಲಿಂಡರ್ ಎಂಜಿನ್) ಕ್ಯಾಮರೊಗೂ ಇದಕ್ಕೂ ಬಾಡಿ ಒಂದೇ. ಬಾನೆಟ್ ಮೇಲೆ ಎರಡು ಅಗಲ ಪಟ್ಟೆ ಬಳಿದು ಬ್ಯಾಡ್ಜ್ ಹಾಕಿದರೆ ನೋಡುವವರಿಗೆ ಗೊತ್ತೇ ಆಗುವುದಿಲ್ಲ, ಬೆಲೆ ಮಾತ್ರ ಸಿಕ್ಕಾಪಟ್ಟೆ ಏರುತ್ತದೆ.

ಮೊದಲು ವಿನ್. ನಮ್ಮ ಚಾಸಿಸ್ ನಂಬರ್ ಇದ್ದ ಹಾಗೆ. ಡ್ಯಾಶ್‌ಬೋರ್ಡ್ ಮೇಲೆ, ಡ್ರೈವರ್ ಕಡೆ (ಅಮೆರಿಕನ್ ಕಾರಿನಲ್ಲಿ ಎಡಗಡೆ) ಗಾಜಿನ ಒಳಗೆ ಕಾಣುತ್ತದೆ. 124379N ಅಂತ ಶುರುವಾದರೆ ಹೀಗೆ ಓದಿ: 1 ಅಂದರೆ ಷೆವ್ರೊಲೆ, 24 ಅಂದರೆ ವಿ8 ಕ್ಯಾಮರೊ, 37 ಕೂಪೆ, 9 ಅಂದರೆ 1969, N ಅಂದರೆ ಓಹಾಯೊದ ನಾರ್ವುಡ್ ಕಾರ್ಖಾನೆ. ಲಾಸ್ ಏಂಜಲೀಸ್ ಆದರೆ L. ಇಷ್ಟರಲ್ಲಿ ಝಡ್/28 ಎಲ್ಲೂ ಇಲ್ಲ, ಗಮನಿಸಿದಿರಾ? ಹೊಸಬರು ಎಡವುವುದು ಇಲ್ಲೇ. ವಿನ್ ಸರಿಯಿದೆ ಅಂದರೆ ಅದು ವಿ8 ಕ್ಯಾಮರೊ ಅಂತ ಮಾತ್ರ ಅರ್ಥ.

ಎಂಜಿನ್ ರೂಮಿನ ಹಿಂದಿನ ಗೋಡೆಯಲ್ಲಿ ಟ್ರಿಮ್ ಟ್ಯಾಗ್ ಅನ್ನೋ ಸಣ್ಣ ತಗಡು ಇರುತ್ತದೆ. ಅದರಲ್ಲಿ 03A ಅಂತಿದ್ದರೆ ಮಾರ್ಚ್ ಮೊದಲ ವಾರ ಕಟ್ಟಿದ ಬಾಡಿ. 1968ರ ಡಿಸೆಂಬರ್‌ನಿಂದ ನಾರ್ವುಡ್‌ನವರು ಇದೇ ಟ್ಯಾಗ್ ಮೇಲೆ X ಕೋಡ್ ಹೊಡೆಯಲು ಶುರು ಮಾಡಿದರು. X33 ಅಥವಾ X77 ಇದ್ದರೆ ಝಡ್/28. ಲಾಸ್ ಏಂಜಲೀಸ್ ಕಾರುಗಳಿಗೆ ಈ ಕೋಡ್ ಇಲ್ಲ, ಅದಿಲ್ಲ ಅಂತ ಆ ಕಾರನ್ನು ನಕಲಿ ಅನ್ನಬೇಡಿ. ಇನ್ನೊಂದು ಮಾತು, ಹೊಸ ಟ್ಯಾಗ್ ಮಾಡಿಸಿ ಹಾಕುವವರೂ ಇದ್ದಾರೆ. ಆದ್ದರಿಂದ ಟ್ಯಾಗ್ ಒಂದನ್ನೇ ನಂಬುವ ಹಾಗಿಲ್ಲ.

ಈಗ ಎಂಜಿನ್. ನನಗೆ ತುಂಬಾ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನವಾಗಿ ಓದಿ. ಪ್ಯಾಸೆಂಜರ್ ಕಡೆಯ ಸಿಲಿಂಡರ್ ಹೆಡ್ ಮುಂದೆ, ಬ್ಲಾಕ್ ಮೇಲೆ, ಚಪ್ಪಟೆಯಾದ ಒಂದು ಚಿಕ್ಕ ಪ್ಯಾಡ್ ಇದೆ. ಗ್ರೀಸ್ ಒರೆಸಿ ಟಾರ್ಚ್ ಬಿಡಿ. V0215DZ ಅಂತಿದ್ದರೆ V ಅಂದರೆ ಫ್ಲಿಂಟ್ ಎಂಜಿನ್ ಕಾರ್ಖಾನೆ, 0215 ಅಂದರೆ ಫೆಬ್ರವರಿ 15, DZ ಅಂದರೆ ಝಡ್/28ರ 302 ಘನ ಇಂಚಿನ ಎಂಜಿನ್. ಕಾರಿನ ವಿನ್‌ನ ಕೊನೆಯ ಅಂಕಿಗಳೂ ಅಲ್ಲೇ ಅಥವಾ ಆಯಿಲ್ ಫಿಲ್ಟರ್ ಹತ್ತಿರ ಇರಬೇಕು. ಬ್ಲಾಕಿನ ಹಿಂಭಾಗದಲ್ಲಿ ಎರಕದ ತಾರೀಕು ಸಿಗುತ್ತದೆ: A 28 9 ಅಂದರೆ 1969 ಜನವರಿ 28. ಈಗ ಮೂರನ್ನೂ ಜೋಡಿಸಿ. ಜನವರಿಯಲ್ಲಿ ಎರಕ, ಫೆಬ್ರವರಿಯಲ್ಲಿ ಎಂಜಿನ್, ಮಾರ್ಚ್‌ನಲ್ಲಿ ಬಾಡಿ. ಸರಿಹೋಯಿತು ಅಲ್ವಾ? ಬಾಡಿ ಮಾರ್ಚ್‌ನದು, ಎಂಜಿನ್ ಮೇ ತಿಂಗಳದು ಅಂತ ಬಂದರೆ ಆ ಎಂಜಿನ್ ಆ ಕಾರಿನ ಜೊತೆ ಹುಟ್ಟಿದ್ದಲ್ಲ.

ಅಕ್ಷರಗಳಷ್ಟೇ ಅಲ್ಲ, ಅವುಗಳ ಕೆಳಗಿನ ಲೋಹವನ್ನೂ ನೋಡಿ. ಕಾರ್ಖಾನೆಯಲ್ಲಿ ಪ್ಯಾಡ್ ಹೆರೆದಾಗ ಮುಂದಿನಿಂದ ಹಿಂದಕ್ಕೆ ಕೂದಲೆಳೆಯಂಥ ಗೆರೆಗಳು ಉಳಿಯುತ್ತವೆ. ಯಾರಾದರೂ ಹಳೇ ನಂಬರ್ ಉಜ್ಜಿ ಹೊಸದು ಹೊಡೆದಿದ್ದರೆ ಆ ಗೆರೆಗಳು ಮಾಯವಾಗಿರುತ್ತವೆ, ಇಲ್ಲವೇ ಅಡ್ಡಾದಿಡ್ಡಿ ಉಜ್ಜಿದ ಗುರುತು ಕಾಣುತ್ತದೆ. ಎಂಜಿನ್ ರಿಪೇರಿಯಲ್ಲಿ ಬ್ಲಾಕಿನ ಮೇಲ್ಮೈ ಹೆರೆಸಿದಾಗಲೂ ಗೆರೆ ಹೋಗುತ್ತದೆ, ಅದು ಮೋಸವಲ್ಲ. ಆದರೆ ಆಗ ನಂಬರೂ ಹೋಗಿರುತ್ತದೆ. ಗೆರೆ ಇಲ್ಲ, ನಂಬರ್ ಮಾತ್ರ ಹೊಚ್ಚಹೊಸದು ಅಂದರೆ ಜೋಪಾನ.

ಬಾಡಿಯ ಮೇಲೂ ವಿನ್‌ನ ಅಂಕಿಗಳು ಬಚ್ಚಿಟ್ಟ ಹಾಗೆ ಇರುತ್ತವೆ: ಹೀಟರ್ ಬಾಕ್ಸ್ ಹಿಂದೆ, ಮತ್ತೆ ವೈಪರ್ ಹತ್ತಿರದ ಜಾಲರಿಯ ಕೆಳಗೆ. ಡ್ಯಾಶ್ ಮೇಲಿನ ಪಟ್ಟಿಯನ್ನು ಬೇರೆ ಕಾರಿನಿಂದ ಕಿತ್ತು ತಂದಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಇನ್ನುಳಿದವು ಬೇಗ ಮುಗಿಯುತ್ತವೆ. ಗೇರ್ 4 ಸ್ಪೀಡ್ ಮ್ಯಾನುವಲ್ಲೇ ಆಗಿರಬೇಕು, ಮುಂದೆ ಡಿಸ್ಕ್ ಬ್ರೇಕ್, ಹಿಂದೆ 12 ಬೋಲ್ಟಿನ ಆಕ್ಸಲ್. ಹಳೇ ವಾರಂಟಿ ಪುಸ್ತಕದಲ್ಲಿ ಪ್ರೊಟೆಕ್ಟ್-ಒ-ಪ್ಲೇಟ್ ಅನ್ನೋ ಲೋಹದ ಚೂರು ಉಳಿದಿದ್ದರೆ ಅದೃಷ್ಟ, ಅದರ ಎಂಜಿನ್ ಕೋಡನ್ನು ಪ್ಯಾಡಿನ ಜೊತೆ ಹೋಲಿಸಿ.

ಹೀಟರ್ ಬಾಕ್ಸ್ ಬಿಚ್ಚುವುದು ಕೆಲಸ ಹಿಡಿಯುತ್ತದೆ, ಮಾರುವವರು ಬೇಡ ಅಂದರೆ ತಪ್ಪು ತಿಳಿಯಲಾರೆ. ಆದರೆ ಪ್ಯಾಡ್ ಒರೆಸಿ ಫೋಟೊ ತೆಗೆಯಲೂ ಬಿಡದಿದ್ದರೆ ನಾನಂತೂ ಅಡ್ವಾನ್ಸ್ ಕೊಡುವುದಿಲ್ಲ.